ನೆಟ್ ಇಲ್ಲ ಅಂದ್ರ ಯಾವ ನೆಟ್ ಇಲ್ಲ?

ತೊಗರಿ ಸುಗ್ಗಿಯ ದಿನ. ಅಕ್ಕಲಕೋಟ ತಾಲೂಕಿನ ಗಡಿ ಅಂಚಿನಲ್ಲಿರುವ ನನ್ನ ಅಡತಿ ಅಂಗಡಿಗೆ ಆಳಂದ ಕಡೆಯ ಹಿರಿಯ ರೈತರೊಬ್ಬರು ಟಂಟಂನಲ್ಲಿ ಮಾಲು ತಂದಿದ್ದರು. ಲಿಲಾವು ಮುಗಿಯಿತು, ಕಾಟಾ ಆಯಿತು, ಚೀಲ ಇಳಿದವು. ಇನ್ನು ಪಟ್ಟಿ ಮಾಡಿ ಕೈಗೆ ಕೊಟ್ಟರೆ ಅವರು ಊರ ಹಾದಿ ಹಿಡಿಯುವವರು. ಅಷ್ಟರಲ್ಲಿ ಗುಮಾಸ್ತ ತಲೆ ಎತ್ತಿ ಹೇಳಿದ, "ಮಾಲಕ್ರ, ನೆಟ್ ಇಲ್ರೀ."

ನೆಟ್ ಇಲ್ಲ ಅಂದ ಮೇಲೆ ಮುಗೀತು. ಮಳೆ ಇಲ್ಲ ಅಂದ ಹಾಗೆ. ಯಾರನ್ನೂ ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ. "ಪಟ್ಟಿ ಒಂದು ಕೈಯಾಗ ಕೊಡ್ರಿ ಸಾಹುಕಾರ್ರ, ರೊಕ್ಕ ನಾಳಿ ಖಾತೆಗೆ ಹಾಕ್ರಿ," ಅಂತ ರೈತರು ಎರಡು ಸಲ ಕೇಳಿದರು. "ನೆಟ್ ಬರ್ಲಿ ಗೌಡ್ರ, ಈಗ ಬರ್ತದ," ಅಂತ ನಾನೂ ಎರಡು ಸಲ ಹೇಳಿದೆ. ಟಂಟಂನವನು ಬೇರೆ ಬಾಡಿಗೆ ಹಿಡಿದು ಹೋದ. ಕೊನೆಯ ಬಸ್ಸೂ ಹೋಯಿತು. ಆ ರಾತ್ರಿ ಅವರು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಚೀಲದ ಪಕ್ಕದಲ್ಲಿ ಮಲಗಿದರು.

ಸಂಜೆ ಡಿಪ್ಲೊಮಾ ಓದುತ್ತಿರುವ ನಮ್ಮ ಓಣಿಯ ಹುಡುಗ ಬಂದು ನೋಡಿದ. ನಕ್ಕ. "ಕಾಕಾ, ಹೊರಗಿನ ಲೈನ್ ಹೋಗೇದ, ಖರೆ. ಒಳಗಿನ ಲೈನಿಗೆ ಏನಾಗೇದ? ನಿಮ್ಮ ಕಂಪ್ಯೂಟರಿಂದ ಪ್ರಿಂಟರಿಗೆ ಹೋಗ್ಲಿಕ್ಕೆ ಮುಂಬಯಿ ಯಾಕ ಬೇಕು?" ಅಂದ. ಬಟನ್ ಒತ್ತಿದ. ಪಟ್ಟಿ ಹೊರಗೆ ಬಂತು. ಪಟ್ಟಿ ಮಾಡುವ ಲೆಕ್ಕದ ಪ್ರೋಗ್ರಾಮು ನಮ್ಮ ಕಂಪ್ಯೂಟರಿನಲ್ಲೇ ಇತ್ತು, ಪ್ರಿಂಟರು ಮೂರು ಮಾರು ದೂರದಲ್ಲಿ ಇತ್ತು. ಎರಡರ ನಡುವಿನ ತಂತಿ ಬೆಳಗಿನಿಂದ ಸರಿಯಾಗೇ ಇತ್ತು. ತಪ್ಪು ನನ್ನದು. ಒಬ್ಬ ಹಿರಿಯ ಮನುಷ್ಯನನ್ನು ಚಳಿಯಲ್ಲಿ ಮಲಗಿಸಿದ್ದು ನೆಟ್ ಅಲ್ಲ, ನನ್ನ ಅಜ್ಞಾನ.

ಅಂದಿನಿಂದ ಈ ವಿಷಯ ತಲೆಯಲ್ಲಿ ಹೊಕ್ಕಿದೆ. ಕೇಳಿ, ಓದಿ, ನೋಡಿ ತಿಳಿದುಕೊಂಡಿದ್ದನ್ನು ನನ್ನಂಥ ಗಡಿನಾಡಿನ ರೈತರು, ವ್ಯಾಪಾರಸ್ಥರ ಮುಂದೆ ಇಡುತ್ತಿದ್ದೇನೆ. ನನ್ನ ಮಾತು ಇಷ್ಟೇ. ನೆಟ್ ಅನ್ನುವುದು ಒಂದಲ್ಲ. ಎಷ್ಟು ದೂರಕ್ಕೆ ಚಾಚಿದೆ ಅನ್ನುವುದರ ಮೇಲೆ ಅದರಲ್ಲಿ ನಾಲ್ಕು ಬಗೆ. ಯಾವುದು ಹೋಗಿದೆ ಎಂದು ತಿಳಿಯದೆ ಯಾರ ಬಾಗಿಲು ತಟ್ಟಬೇಕೆಂದು ತಿಳಿಯುವುದಿಲ್ಲ. ಈ ನಾಲ್ಕರ ಸರಕಾರಿ ಭಾಗದಲ್ಲಿ ನಾವು ಗಡಿಯವರಿಗೆ ಒಂದು ಅನ್ಯಾಯ ಅಡಗಿದೆ. ಅದನ್ನು ಕೇಳಿ ಸರಿಪಡಿಸಿಕೊಳ್ಳುವ ಕಾಲ ಈಗ ಬಂದಿದೆ.

ಕೈಯಳತೆಯ ಜಾಲ, ಮನೆಯಳತೆಯ ಜಾಲ

ಮೊದಲನೆಯದು ಮೈಸುತ್ತಿನ ಜಾಲ. ಇಂಗ್ಲಿಷಿನಲ್ಲಿ ಪರ್ಸನಲ್ ಏರಿಯಾ ನೆಟ್‌ವರ್ಕ್, ಚಿಕ್ಕದಾಗಿ ಪ್ಯಾನ್. ನಮ್ಮ ಹುಡುಗರು ಕಿವಿಗೆ ಸಿಕ್ಕಿಸಿಕೊಂಡು ಹೊಲದಲ್ಲಿ ಹಾಡು ಕೇಳುತ್ತಾರಲ್ಲ, ಆ ಸಾಧನಕ್ಕೂ ಕಿಸೆಯ ಮೊಬೈಲಿಗೂ ನಡುವೆ ಇರುವುದು ಇದೇ. ಬ್ಲೂಟೂತ್ ಎನ್ನುತ್ತಾರೆ. 1998ರಲ್ಲಿ ಕೆಲವು ಕಂಪನಿಗಳು ಕೂಡಿ ಇದನ್ನು ಎಲ್ಲರಿಗೂ ಒಂದೇ ಪದ್ಧತಿ ಎಂದು ಮಾಡಿದವು. ಸಾವಿರ ವರ್ಷದ ಹಿಂದಿನ ಡೆನ್ಮಾರ್ಕಿನ ಹೆರಾಲ್ಡ್ ಎಂಬ ರಾಜನ ಅಡ್ಡಹೆಸರು ಅದು. ಸಾಮಾನ್ಯ ಮೊಬೈಲಿನಲ್ಲಿ ಅದರ ಚಾಚು ಸುಮಾರು 10 ಮೀಟರ್. ನಮ್ಮ ಮನೆಯ ಪಡಸಾಲೆಯಿಂದ ಅಂಗಳದವರೆಗೆ. ಇದಕ್ಕೆ ಕಂಪನಿ ಬೇಡ, ರೀಚಾರ್ಜ್ ಬೇಡ, ಟವರ್ ಬೇಡ. ಕೆಟ್ಟರೆ ನಮ್ಮದೇ ಸಾಧನ ಕೆಟ್ಟಿದೆ ಅಂತ ಅರ್ಥ.

ಎರಡನೆಯದು ಮನೆ ಅಥವಾ ಅಂಗಡಿಯೊಳಗಿನ ಜಾಲ. ಲೋಕಲ್ ಏರಿಯಾ ನೆಟ್‌ವರ್ಕ್, ಅಂದರೆ ಲ್ಯಾನ್. ಗಾದಿಯ ಮೇಲಿನ ಕಂಪ್ಯೂಟರು, ಒಳಕೋಣೆಯ ಕಂಪ್ಯೂಟರು, ಪ್ರಿಂಟರು, ಗೋದಾಮಿನ ಕ್ಯಾಮೆರಾ, ಇವನ್ನೆಲ್ಲ ಒಂದಕ್ಕೊಂದು ಕಟ್ಟಿದ್ದು ಇದು. ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬವರು 1973ರಲ್ಲಿ ಈಥರ್‌ನೆಟ್ ಎಂಬ ಪದ್ಧತಿಯನ್ನು ಮುಂದಿಟ್ಟರು. ಇಂದಿಗೂ ಲೋಕದ ಬಹುತೇಕ ಅಂಗಡಿ, ಕಚೇರಿಗಳ ತಂತಿ ಅದೇ ಪದ್ಧತಿಯಲ್ಲಿ ನಡೆಯುತ್ತದೆ. ಸಾಮಾನ್ಯ ತಾಮ್ರದ ಈಥರ್‌ನೆಟ್ ತಂತಿ ಒಂದೇ ಎಳೆಯಲ್ಲಿ 100 ಮೀಟರ್‌ವರೆಗೆ ಮಾತ್ರ ನಂಬಿಕೆಯಿಂದ ಕೆಲಸ ಮಾಡುತ್ತದೆ. ಅದಕ್ಕಿಂತ ದೂರಕ್ಕೆ ನಡುವೆ ಒಂದು ಸ್ವಿಚ್ ಇಡಬೇಕು, ಇಲ್ಲವೆ ಗಾಜಿನೆಳೆಯ ತಂತಿ ಎಳೆಯಬೇಕು. ತಂತಿ ಇಲ್ಲದೆ ನಡೆಯುವ ವೈ-ಫೈ ಕೂಡ ಈ ಬಗೆಯದೇ. ಬಹಳ ಜನ ವೈ-ಫೈ ಅಂದರೆ ಇಂಟರ್‌ನೆಟ್ ಅಂದುಕೊಂಡಿದ್ದಾರೆ. ಅಲ್ಲ. ವೈ-ಫೈ ಅಂದರೆ ಮನೆಯೊಳಗಿನ ಹಗ್ಗ. ಬಾವಿಯಲ್ಲಿ ನೀರು ಇರುವುದು ಬೇರೆ ಮಾತು, ಹಗ್ಗ ಗಟ್ಟಿ ಇರುವುದು ಬೇರೆ ಮಾತು.

ಸಕ್ಕರೆ ಕಾರ್ಖಾನೆಯಂಥ ದೊಡ್ಡ ಆವರಣದಲ್ಲಿ ಕಾಟಾ ಮನೆ, ಲೆಕ್ಕದ ಕಚೇರಿ, ಗೇಟು ಬೇರೆ ಬೇರೆ ಕಟ್ಟಡದಲ್ಲಿ ಇರುತ್ತವೆ. ಅಂಥ ಕಡೆ ಹಲವು ಲ್ಯಾನ್‌ಗಳನ್ನು ಸೇರಿಸಿ ಒಂದು ಆವರಣ ಜಾಲ ಮಾಡುತ್ತಾರೆ. ಯಜಮಾನ ಒಬ್ಬನೇ, ಅಂಗಳ ದೊಡ್ಡದು, ಅಷ್ಟೇ ವ್ಯತ್ಯಾಸ. ಈ ಬಗೆಯ ಜಾಲದ ಗುಣ ಒಂದಿದೆ. ಹೊರಗಿನ ಲೈನು ಸತ್ತರೂ ಒಳಗಿನ ಕೆಲಸ ನಡೆಯುತ್ತದೆ. ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿತು. ಆಗ ಮೊದಲಿಗೆ ತಾಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಆ ತಾಲೂಕಿನ ದಾಖಲೆ ಇರುತ್ತಿತ್ತು. ಪಹಣಿ ತೆಗೆದುಕೊಡಲು ಬೆಂಗಳೂರಿನ ಲೈನು ಬೇಕಿರಲಿಲ್ಲ. ಆಮೇಲೆ ಎಲ್ಲವನ್ನೂ ಒಂದು ಕಡೆ ಕೂಡಿಸಿದರು. ಅದರಿಂದ ಯಾವ ಊರಿನಿಂದಲಾದರೂ ಪಹಣಿ ನೋಡುವ ಅನುಕೂಲ ಬಂತು. ಜೊತೆಗೆ ಲೈನು ಹೋದರೆ ಕೈಕಟ್ಟಿ ಕೂರುವ ಅನಾನುಕೂಲವೂ ಬಂತು. ಲಾಭಕ್ಕೆ ತಕ್ಕ ನಷ್ಟ ಇದ್ದೇ ಇರುತ್ತದೆ, ವ್ಯಾಪಾರಸ್ಥರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಊರಳತೆಯ ಜಾಲ, ದೇಶದಳತೆಯ ಜಾಲ

ಮೂರನೆಯದು ಊರಿನ ಜಾಲ. ಮೆಟ್ರೊಪಾಲಿಟನ್ ಏರಿಯಾ ನೆಟ್‌ವರ್ಕ್, ಮ್ಯಾನ್. ಒಂದು ಪಟ್ಟಣ, ಅದರ ಸುತ್ತಲಿನ ಹಳ್ಳಿಗಳು, ಹೆಚ್ಚೆಂದರೆ ಕೆಲವು ಹತ್ತು ಕಿಲೋಮೀಟರ್. ನಮ್ಮಲ್ಲಿ ಇದನ್ನು ಮೊದಲು ಕಟ್ಟಿದವರು ಸರಕಾರದವರೂ ಅಲ್ಲ, ದೊಡ್ಡ ಕಂಪನಿಯವರೂ ಅಲ್ಲ. 1990ರ ದಶಕದಲ್ಲಿ ಮನೆಯ ಮಾಳಿಗೆಯಿಂದ ಮಾಳಿಗೆಗೆ ಕರಿ ತಂತಿ ಎಳೆದು ಟಿ.ವಿ. ತೋರಿಸಿದ ಕೇಬಲ್ ಹುಡುಗರು! ಇಂದು ಅವರಲ್ಲಿ ಎಷ್ಟೋ ಜನ ಅದೇ ಕಂಬಗಳ ಮೇಲೆ ಗಾಜಿನೆಳೆಯ ತಂತಿ ಹಾಕಿ ಇಂಟರ್‌ನೆಟ್ ಕೊಡುತ್ತಿದ್ದಾರೆ. ಓಣಿಯಲ್ಲಿ ಎಲ್ಲರದೂ ಒಟ್ಟಿಗೆ ಹೋಯಿತು ಅಂದರೆ ಈ ಜಾಲ ಹೋಗಿದೆ ಎಂದು ತಿಳಿಯಬೇಕು. ಕಬ್ಬಿನ ಟ್ರ್ಯಾಕ್ಟರ್ ಹೇರು ಮೀರಿ ಹೇರಿಕೊಂಡು ಹೋಗಿ ತಂತಿ ಹರಿದಿರಬಹುದು, ರಸ್ತೆ ಅಗಲ ಮಾಡುವ ಜೆಸಿಬಿ ಅಗೆದು ತುಂಡು ಮಾಡಿರಬಹುದು.

ನಾಲ್ಕನೆಯದು ದೂರದೇಶದ ಜಾಲ. ವೈಡ್ ಏರಿಯಾ ನೆಟ್‌ವರ್ಕ್, ವ್ಯಾನ್. ಹುಡುಗ ಹೇಳಿದಾಗ ನಾನು ಮಾಲು ಸಾಗಿಸುವ ವ್ಯಾನ್ ಅಂದುಕೊಂಡಿದ್ದೆ. ಒಂದು ಲೆಕ್ಕಕ್ಕೆ ಸುಳ್ಳಲ್ಲ, ಇದೂ ಊರಿಂದೂರಿಗೆ ಸಾಗಿಸುವುದೇ. ಜಿಲ್ಲೆಯಿಂದ ಜಿಲ್ಲೆಗೆ, ರಾಜ್ಯದಿಂದ ರಾಜ್ಯಕ್ಕೆ, ಸಮುದ್ರದ ತಳದ ತಂತಿ ಹಿಡಿದು ಖಂಡದಿಂದ ಖಂಡಕ್ಕೆ ಹೋಗುವುದು ಇದು. ಇಂದಿನ ಇಂಟರ್‌ನೆಟ್ಟಿನ ಮೂಲವಾದ ಅರ್ಪಾನೆಟ್‌ನಲ್ಲಿ 1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದ ಎರಡು ಊರುಗಳ ನಡುವೆ ಮೊದಲ ಸಂದೇಶ ಹೋಯಿತು. ಲಾಗಿನ್ ಎಂದು ಬರೆಯಲು ಹೊರಟವರಿಗೆ ಮೊದಲ ಎರಡು ಇಂಗ್ಲಿಷ್ ಅಕ್ಷರ ದಾಟಿದ ಕೂಡಲೆ ಆಚೆಯ ಯಂತ್ರ ನಿಂತಿತಂತೆ. ಹುಟ್ಟಿದ ದಿನವೇ ನೆಟ್ ಹೋಗಿತ್ತು ನೋಡಿ. ನಮ್ಮ ದೇಶದ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಿಂದ, ವಿದೇಶ ಸಂಚಾರ ನಿಗಮದ ಮೂಲಕ. 2008ರ ಜನವರಿ ಕೊನೆಯಲ್ಲಿ ಈಜಿಪ್ಟ್ ದೇಶದ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದ ತಂತಿ ತುಂಡಾದಾಗ ಭಾರತದಲ್ಲಿ ಇಂಟರ್‌ನೆಟ್ ಕುಂಟಿತು. ಎಲ್ಲಿಯ ಈಜಿಪ್ಟ್, ಎಲ್ಲಿಯ ನಾವು! ಅಷ್ಟು ದೂರದವರೆಗೆ ಚಾಚಿದ್ದು ಈ ಜಾಲ.

ಒಂದು ಸಣ್ಣ ಉದಾಹರಣೆಯಿಂದ ಇವೆಲ್ಲದರ ಅಂತರ ತಿಳಿಯುತ್ತದೆ. ನನ್ನ ಎದುರು ನಿಂತ ಗಿರಾಕಿ ಕ್ಯೂ.ಆರ್. ಚಿತ್ರಕ್ಕೆ ಮೊಬೈಲು ಹಿಡಿದು ನೂರು ರೂಪಾಯಿ ಕೊಡುತ್ತಾನೆ. ಇಬ್ಬರ ನಡುವೆ ಮೇಜಿನ ಅಗಲದಷ್ಟೇ ದೂರ. ಆದರೆ 2016ರಲ್ಲಿ ಬಂದ ಈ ಯುಪಿಐ ಪದ್ಧತಿಯಲ್ಲಿ ಆ ನೂರರ ಸುದ್ದಿ ಅವನ ಮೊಬೈಲಿನಿಂದ ಟವರಿಗೆ, ಟವರಿಂದ ದೂರದ ನಗರದ ಕಂಪ್ಯೂಟರಿಗೆ, ಅಲ್ಲಿಂದ ಅವನ ಬ್ಯಾಂಕಿಗೆ, ನನ್ನ ಬ್ಯಾಂಕಿಗೆ ಓಡಾಡಿ ನನ್ನ ಮೇಜಿಗೆ ತಿರುಗಿ ಬರುತ್ತದೆ. ಅದೇ ಮೊಬೈಲಿನಿಂದ ಅವನು ನನಗೆ ಒಂದು ಫೋಟೊ ಬ್ಲೂಟೂತ್‌ನಲ್ಲಿ ಕೊಟ್ಟರೆ ಅದು ಮೇಜನ್ನು ದಾಟಿ ಬರುತ್ತದೆ, ಅಷ್ಟೇ. ಎರಡಕ್ಕೂ ನಾವು "ಮೊಬೈಲಿನಾಗ ಕಳಿಸಿದ" ಅನ್ನುತ್ತೇವೆ. ಒಂದು ಕೈಗೆ ಕೈ, ಇನ್ನೊಂದು ಮನಿಆರ್ಡರು.

ಗಡಿ ಗೆರೆ ಎಲ್ಲಿ ಬಂತು?

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ ಜಾಲಗಳನ್ನು ಅಳೆದದ್ದು ದೂರದಿಂದ. ಹತ್ತು ಮೀಟರ್, ನೂರು ಮೀಟರ್, ಹತ್ತು ಮೈಲಿ, ಸಾವಿರ ಮೈಲಿ. ತಂತಿಗೆ ಮಹಾರಾಷ್ಟ್ರ ಗೊತ್ತಿಲ್ಲ, ಕರ್ನಾಟಕ ಗೊತ್ತಿಲ್ಲ. ಆದರೆ ಸರಕಾರಿ ಜಾಲವನ್ನು ಅಳೆದದ್ದು ನಕಾಶೆಯಿಂದ. 2005ರಲ್ಲಿ ಕೇಂದ್ರ ಸರಕಾರ ಪ್ರತಿ ರಾಜ್ಯಕ್ಕೂ ಒಂದೊಂದು ರಾಜ್ಯವ್ಯಾಪಿ ಜಾಲಕ್ಕೆ ಮಂಜೂರಾತಿ ಕೊಟ್ಟಿತು. ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ. 2011ರಲ್ಲಿ ಮಂಜೂರಾದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಆಮೇಲೆ ಭಾರತ್‌ನೆಟ್ ಎಂಬ ಹೆಸರು ಬಂತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಗಾಜಿನೆಳೆ ಮುಟ್ಟಿಸುವ ಕೆಲಸ ಅದರದು. ಅದರಲ್ಲೂ ತಾಲೂಕು ಸ್ಥಳದಿಂದ ಪಂಚಾಯತಿಗೆ ಎಂಬುದೇ ಲೆಕ್ಕ. ರಾಜ್ಯಗಳೂ ತಮ್ಮ ತಮ್ಮ ಜಾಲ ಕಟ್ಟಿಕೊಂಡವು. ಕೇರಳದವರು 2023ರ ಜೂನ್ 5ರಂದು ಕೆ-ಫೋನ್ ಉದ್ಘಾಟಿಸಿದರು, ತಂತಿ ಹೋಗಿದ್ದು ಕರೆಂಟಿನ ಕಂಬಗಳ ಮೇಲೆ. ಆಂಧ್ರದ ಫೈಬರ್ ಜಾಲವೂ ಕರೆಂಟಿನ ಕಂಬ ಹಿಡಿದೇ ಹಳ್ಳಿಗೆ ಬಂತು. ತೆಲಂಗಾಣದವರು ಕುಡಿಯುವ ನೀರಿನ ಮಿಷನ್ ಭಗೀರಥ ಪೈಪಿಗೆ ತೋಡಿದ ಕಾಲುವೆಯಲ್ಲೇ ತಂತಿಯನ್ನೂ ಹಾಕಿದರು. ತಮಿಳುನಾಡಿನವರದೂ ಒಂದು ಸ್ವಂತ ಫೈಬರ್ ನಿಗಮ ಇದೆ.

ಎಲ್ಲಾ ಒಳ್ಳೆಯ ಕೆಲಸವೇ. ಇದನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೆ ನಕಾಶೆ ಬಿಡಿಸಿ ನೋಡಿ. ಯಾವ ರಾಜ್ಯದ ಜಾಲವೇ ಆಗಲಿ ರಾಜಧಾನಿಯಲ್ಲಿ ಹುಟ್ಟಿ, ಜಿಲ್ಲೆ ದಾಟಿ, ತಾಲೂಕು ದಾಟಿ, ಗಡಿ ಗೆರೆಯ ಹತ್ತಿರ ಬಂದು ನಿಲ್ಲುತ್ತದೆ. ನಿಂತ ಕಡೆ ನಾವಿದ್ದೇವೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ತಿರುವನಂತಪುರಕ್ಕೆ 550ಕ್ಕೂ ಮೇಲೆ. ಹೊಸೂರಿನಿಂದ ಬೆಂಗಳೂರಿಗೆ 40, ಚೆನ್ನೈಗೆ 300 ದಾಟುತ್ತದೆ. ತಾಳವಾಡಿಯವರ ನಿತ್ಯದ ಸಂತೆ ಚಾಮರಾಜನಗರ, ಜಿಲ್ಲಾಸ್ಥಳ ಘಟ್ಟ ಇಳಿದು ಹೋಗಬೇಕಾದ ಈರೋಡು. ನಮ್ಮ ಅಕ್ಕಲಕೋಟ ಕಡೆಯವರಿಗೆ ಕಲಬುರಗಿ ಹತ್ತಿರ, ಮುಂಬಯಿ ಒಂದು ರಾತ್ರಿಯ ಪ್ರಯಾಣ.

ಮೊದಲು ನಾನೂ ಒಂದು ತಪ್ಪು ತಿಳಿದಿದ್ದೆ. ಸುದ್ದಿ ಮುಂಬಯಿಗೆ ಹೋಗಿ ಬರುವುದರಿಂದ ನಮ್ಮದು ನಿಧಾನ ಅಂದುಕೊಂಡಿದ್ದೆ. ಅಲ್ಲ. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರ್ ದಾಟಲು ಸೆಕೆಂಡಿನ ಇನ್ನೂರನೇ ಒಂದು ಪಾಲು ಸಾಕು. ದೂರ ನಮ್ಮ ವೈರಿಯಲ್ಲ. ನಮ್ಮ ವೈರಿ ಬಾಲ.

ಕಾಲುವೆ ನೀರಿನ ರೈತರಿಗೆ ಇದು ತಟ್ಟನೆ ತಿಳಿಯುತ್ತದೆ. ತಲೆಯ ಕಡೆಯವರಿಗೆ ನೀರು ತಪ್ಪುವುದಿಲ್ಲ. ನಡುವೆ ಎಲ್ಲಿ ಒಡೆದರೂ, ಯಾರು ತಿರುವಿಕೊಂಡರೂ ಒಣಗುವುದು ಬಾಲದ ಹೊಲ. ತಂತಿಯೂ ಹಾಗೇ. ತಾಲೂಕಿನಿಂದ ಸಾಲಾಗಿ ಹತ್ತು ಪಂಚಾಯತಿ ದಾಟಿ ಬಂದ ಎಳೆ ಮೂರನೇ ಊರಲ್ಲಿ ತುಂಡಾದರೆ ನಾಲ್ಕರಿಂದ ಹತ್ತರವರೆಗೆ ಎಲ್ಲರಿಗೂ ಕತ್ತಲೆ. ಎಲ್ಲಿ ತುಂಡಾದರೂ ಹತ್ತನೆಯವನಿಗೆ ಕತ್ತಲೆ. ಆ ಹತ್ತನೆಯವನೇ ಗಡಿಯ ಊರಿನವನು. ಅವನ ಬೆನ್ನ ಹಿಂದೆ ಮೂರು ಮೈಲಿ ಆಚೆ ಇನ್ನೊಂದು ರಾಜ್ಯದ ಹತ್ತನೆಯವನು ಕೂತಿದ್ದಾನೆ. ಅವನ ಕಥೆಯೂ ಇದೇ. ಇಬ್ಬರ ಹೊಲದ ಬದು ಒಂದು, ಜಾತ್ರೆ ಒಂದು, ಬೀಗತನ ಒಂದು. ತಂತಿ ಮಾತ್ರ ಬೆನ್ನಿಗೆ ಬೆನ್ನು.

2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಭಾರತ್‌ನೆಟ್ಟಿನ ಹೊಸ ರೂಪಕ್ಕೆ ಒಪ್ಪಿಗೆ ಕೊಟ್ಟಿತು. ಮೊತ್ತ ಸುಮಾರು 1 ಲಕ್ಷ 39 ಸಾವಿರ ಕೋಟಿ ರೂಪಾಯಿ. ಅದರಲ್ಲಿ ಮುಖ್ಯವಾದ ಮಾತು ಒಂದಿದೆ. ಸಾಲಾಗಿ ಎಳೆದ ತಂತಿಯ ಬದಲು ಉಂಗುರದ ಹಾಗೆ ಸುತ್ತಿಸಬೇಕು ಎಂದು. ಉಂಗುರದ ಲಾಭ ಇಷ್ಟೇ, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಹಾದಿ ಇರುತ್ತದೆ. ಬಾಲ ಎನ್ನುವುದೇ ಇರುವುದಿಲ್ಲ. ಇದು ಸರಿಯಾದ ದಾರಿ. ಆದರೆ ಗಡಿ ಊರಿಗೆ ಉಂಗುರ ಮಾಡುವಾಗ ತಂತಿ ಹಿಂದಕ್ಕೇ ತಿರುಗಬೇಕು. ಬಂದ ಹಾದಿಯ ಪಕ್ಕದಲ್ಲೇ, ಎಷ್ಟೋ ಕಡೆ ಅದೇ ಒಂದೇ ರಸ್ತೆಯ ಬದಿಯಲ್ಲೇ ಮತ್ತೆ ಹೋಗಬೇಕು. ಜೆಸಿಬಿ ಆ ರಸ್ತೆ ಅಗೆದರೆ ಎರಡೂ ಎಳೆ ಒಟ್ಟಿಗೆ ತುಂಡು! ಮೂರು ಮೈಲಿ ಆಚೆಯ ನೆರೆರಾಜ್ಯದ ಪಂಚಾಯತಿಗೆ ಒಂದು ಎಳೆ ಕಟ್ಟಿದರೆ ಎರಡೂ ಊರಿಗೆ ಬೇರೆಯದೇ ಎರಡನೇ ಹಾದಿ ಸಿಗುತ್ತದೆ. ನಾನು ಕೇಳುವುದು ಇಷ್ಟು. ಗಡಿ ಪಂಚಾಯತಿಗಳ ಉಂಗುರ ಗಡಿ ದಾಟಿ ಮುಗಿಯಲಿ.

ಆಗದ ಮಾತೇನಲ್ಲ

ಇದಕ್ಕೆ ಬರುವ ಎದುರು ಮಾತುಗಳೂ ಗೊತ್ತು. ಒಬ್ಬ ನಿವೃತ್ತ ಅಧಿಕಾರಿಗಳ ಮುಂದೆ ಇದನ್ನು ಹೇಳಿದಾಗ ಅವರು, "ಜಮೀನಿನ ದಾಖಲೆ ರಾಜ್ಯದ ವಿಷಯ, ಒಂದರದು ಇನ್ನೊಂದಕ್ಕೆ ಕೊಡಲಿಕ್ಕೆ ಬರೂದಿಲ್ಲ. ರೊಕ್ಕ ಹಾಕಿದ ಸರಕಾರ ಬೇರೆ, ಲಾಭ ಬೇರೆಯವರಿಗೆ ಹೋದರ ಲೆಕ್ಕಪರಿಶೋಧನೆಯವರು ಬಿಡ್ತಾರೇನು?" ಅಂದರು. ಮಾತಿನಲ್ಲಿ ತೂಕ ಇದೆ. ನನಗೂ ಎರಡೂ ಕಡೆ ಜಮೀನಿದೆ. ಇತ್ತ ಸಾತಬಾರಾ ಉತಾರ, ಅತ್ತ ಪಹಣಿ. ಎರಡೂ ಒಂದೇ ಕಪಾಟಿನಲ್ಲಿ ಇರಬೇಕೆಂದು ನಾನು ಕೇಳುತ್ತಿಲ್ಲ. ಹಾದಿ ಬೇರೆ, ಮಾಲು ಬೇರೆ. ಒಂದೇ ರಸ್ತೆಯ ಮೇಲೆ ಎರಡು ರಾಜ್ಯದ ಬಸ್ಸು ಓಡುತ್ತವೆ. ಅದರಿಂದ ಒಂದರ ಟಿಕೆಟ್ ಹಣ ಇನ್ನೊಂದರ ಚೀಲಕ್ಕೆ ಬೀಳುವುದಿಲ್ಲ. ತಂತಿಯಲ್ಲೂ ಸುದ್ದಿಗೆ ಬೀಗ ಹಾಕಿ ಸಾಗಿಸುವ ಪದ್ಧತಿ ಇದೆ. ನಾವು ದಿನಾ ಬ್ಯಾಂಕಿನ ವ್ಯವಹಾರ ಮಾಡುವುದು ಅದೇ ಪದ್ಧತಿಯಲ್ಲಿ.

ಗಡಿ ಗೆರೆಯನ್ನು ತಂತಿಯ ಮೇಲಿಂದ ಅಳಿಸಿದ ಉದಾಹರಣೆಗಳೂ ನಮ್ಮ ಕಣ್ಣ ಮುಂದೆ ಇವೆ. ಮೊದಲನೆಯದು ರೈಲು. ಮುಂಬಯಿಯಿಂದ ಚೆನ್ನೈಗೆ ಹೋಗುವ ಹಳಿ ಸೊಲ್ಲಾಪುರ, ಅಕ್ಕಲಕೋಟ ರೋಡ್, ದುಧನಿ, ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು ದಾಟಿ ಆದೋನಿ, ಗುಂತಕಲ್ಲಿಗೆ ಹೋಗುತ್ತದೆ. ಮೂರು ರಾಜ್ಯದ ಕನ್ನಡಿಗರನ್ನು ಒಂದೇ ದಾರದಲ್ಲಿ ಪೋಣಿಸಿದ ಹಳಿ ಅದು. ಹಳಿಯ ಪಕ್ಕದಲ್ಲಿ ಗಾಜಿನೆಳೆಯೂ ಹೋಗಿದೆ, ಯಾವ ಗಡಿಯಲ್ಲೂ ನಿಂತಿಲ್ಲ. ಟಿಕೆಟ್ ಕಾಯ್ದಿರಿಸುವ ಕಂಪ್ಯೂಟರು ಮೊದಲು ದಿಲ್ಲಿ, ಮುಂಬಯಿ, ಕೋಲ್ಕತಾ, ಚೆನ್ನೈ, ಸಿಕಂದರಾಬಾದಿನಲ್ಲಿ ಬೇರೆ ಬೇರೆ ಇದ್ದವು. 1999ರ ಏಪ್ರಿಲ್‌ನಲ್ಲಿ ಐದನ್ನೂ ಜೋಡಿಸಿದರು. ಅಂದಿನಿಂದ ಯಾವ ಊರಿನ ಕಿಟಕಿಯಲ್ಲಾದರೂ ಯಾವ ಊರಿನ ಟಿಕೆಟ್ ಸಿಗುತ್ತದೆ. ಇದು ದೂರದೇಶದ ಜಾಲಕ್ಕೆ ನಮ್ಮ ಹಳ್ಳಿಯ ಮನುಷ್ಯನೂ ಕಂಡ ಮೊದಲ ಉದಾಹರಣೆ ಎನ್ನಬೇಕು.

ಎರಡನೆಯದು ರೋಮಿಂಗ್. ಗಡಿಯವರು ಯಾರೂ ಇದನ್ನು ಮರೆತಿಲ್ಲ. ಅಂಗಡಿಯೊಳಗೆ ಕೂತರೆ ಮಹಾರಾಷ್ಟ್ರದ ಟವರು, ಕಟ್ಟೆಗೆ ಬಂದರೆ ಕರ್ನಾಟಕದ ಟವರು. ನಮ್ಮ ಮನೆಯ ಅಂಗಳದಲ್ಲಿ ನಿಂತು ಬಂದ ಕರೆ ಎತ್ತಿದರೆ ಪರಊರಿಗೆ ಹೋದವರ ಹಾಗೆ ರೊಕ್ಕ ಕಡಿತ! ಮಗಳು ಫೋನ್ ಮಾಡಿದರೆ, "ತಡಿ ತಂಗೀ, ಒಳಗ ಹೋಗಿ ಎತ್ತೀನಿ," ಅನ್ನುವ ಕಾಲ ಇತ್ತು. 2015ರ ಜೂನ್ 15ರಿಂದ ಬಿ.ಎಸ್.ಎನ್.ಎಲ್. ರೋಮಿಂಗ್‌ನಲ್ಲಿ ಬಂದ ಕರೆಗೆ ರೊಕ್ಕ ತೆಗೆಯುವುದನ್ನು ನಿಲ್ಲಿಸಿತು. ಮುಂದೆ ಉಳಿದವರೂ ನಿಲ್ಲಿಸಿದರು. ಆ ರೊಕ್ಕ ನಿಲ್ಲಿಸಲು ಹೊಸ ಟವರು ನೆಡಬೇಕಾಗಲಿಲ್ಲ, ಹೊಸ ತಂತಿ ಎಳೆಯಬೇಕಾಗಲಿಲ್ಲ. ಒಂದು ನಿರ್ಧಾರ ಸಾಕಾಯಿತು. ಪಂಚಾಯತಿಗಳ ನಡುವಿನ ಮೂರು ಮೈಲಿ ತಂತಿಗೆ ಸ್ವಲ್ಪ ಖರ್ಚು ಬರುತ್ತದೆ, ಆದರೆ ಅಲ್ಲೂ ಕಷ್ಟದ ಭಾಗ ಖರ್ಚಲ್ಲ, ನಿರ್ಧಾರ.

ನಮ್ಮ ಪಾಲಿನ ಕೆಲಸ

ಸರಕಾರವನ್ನು ಕೇಳುವ ಮೊದಲು ನಮ್ಮ ಅಂಗಡಿ ನಾವು ನೋಡಿಕೊಳ್ಳಬೇಕು. "ನೆಟ್ ಇಲ್ಲ" ಎಂಬ ಮಾತನ್ನು ಬಾಯಿಂದ ಬಿಡುವ ಮುನ್ನ ಒಳಗಿನಿಂದ ಹೊರಗೆ ಒಂದೊಂದೇ ಹೆಜ್ಜೆ ಹಾಕಿ ನೋಡಿ. ಕಂಪ್ಯೂಟರಿಂದ ಪ್ರಿಂಟರಿಗೆ ಹೋಗುತ್ತಿದೆಯೆ? ಹೋಗುತ್ತಿದ್ದರೆ ಮನೆಯ ಜಾಲ ಸರಿ ಇದೆ, ಪಟ್ಟಿ ಮಾಡುವುದನ್ನು ನಿಲ್ಲಿಸಬೇಡಿ. ಪಕ್ಕದ ಅಂಗಡಿಯಲ್ಲಿ ಅದೇ ತಂತಿಯವರದು ನಡೆಯುತ್ತಿದೆಯೆ? ಅವರದು ನಡೆದು ನಿಮ್ಮದು ನಿಂತಿದ್ದರೆ ನಿಮ್ಮ ಬಾಗಿಲವರೆಗಿನ ಎಳೆ ಅಥವಾ ನಿಮ್ಮ ಡಬ್ಬಿ ಕೆಟ್ಟಿದೆ. ಓಣಿಯೆಲ್ಲಾ ನಿಂತಿದ್ದರೆ ಊರಿನ ಜಾಲ, ತಂತಿಯವನಿಗೆ ಫೋನ್ ಮಾಡಿ. ಎಲ್ಲಾ ನಡೆದು ಒಂದು ಬ್ಯಾಂಕಿನದು ಮಾತ್ರ ನಿಂತಿದ್ದರೆ ತಪ್ಪು ದೂರದಲ್ಲಿದೆ, ತಂತಿಯವನನ್ನು ಬೈದು ಪ್ರಯೋಜನವಿಲ್ಲ. ಇಂಟರ್‌ನೆಟ್ ಇಲ್ಲದ ಬಟನ್ ಮೊಬೈಲಿನಿಂದಲೂ ಕರೆ ಮಾಡಿ ರೊಕ್ಕ ಕಳಿಸುವ ಯುಪಿಐ 123ಪೇ ಎಂಬ ಪದ್ಧತಿ 2022ರಿಂದ ಇದೆ. ಅದನ್ನೂ ಮನೆಯ ಹಿರಿಯರಿಗೆ ಕಲಿಸಿಕೊಡಿ.

ಗುಮಾಸ್ತನಿಗೆ ಇದೆಲ್ಲಾ ಕಲಿಸಿದ್ದೇನೆ. ಅಂಗಡಿಯ ಗೋಡೆಗೆ ಕನ್ನಡದಲ್ಲಿ ಬರೆದು ಹಚ್ಚಿದ್ದೇನೆ, ಹಮಾಲರೂ ಓದುತ್ತಾರೆ. ಹೀಗೆ ತಿಳಿದುಕೊಳ್ಳುವುದರಿಂದ ಇನ್ನೊಂದು ಲಾಭವೂ ಇದೆ. ಅರ್ಜಿ ಬರೆಯುವಾಗ "ನಮ್ಮೂರಿಗೆ ನೆಟ್ ಸರಿ ಇಲ್ಲ" ಎಂದು ಬರೆದರೆ ಆ ಅರ್ಜಿ ಯಾವ ಮೇಜಿನ ಮೇಲೂ ನಿಲ್ಲುವುದಿಲ್ಲ. "ತಾಲೂಕಿನಿಂದ ನಮ್ಮ ಪಂಚಾಯತಿಗೆ ಬರುವ ಎಳೆ ಇಂಥ ಇಂಥ ದಿನ ಇಷ್ಟು ಹೊತ್ತು ತುಂಡಾಗಿತ್ತು, ನಮಗೆ ಎರಡನೇ ಹಾದಿ ಇಲ್ಲ, ನೆರೆಯ ಪಂಚಾಯತಿ ಇಷ್ಟು ದೂರದಲ್ಲಿದೆ" ಎಂದು ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. ಪಂಚಾಯತಿಯವರು ಒಂದು ವಹಿ ಇಟ್ಟು, ಲೈನು ಹೋದ ದಿನ, ಬಂದ ದಿನ ಬರೆಯಲಿ. ಗಡಿಯ ಎರಡೂ ಬದಿಯ ಎರಡು ಪಂಚಾಯತಿಗಳು ಕೂಡಿ ಒಂದೇ ಠರಾವು ಮಾಡಿ ಎರಡೂ ಜಿಲ್ಲಾಧಿಕಾರಿಗಳಿಗೆ ಕಳಿಸಲಿ. ಮೊದಲಿಗೆ ಒಂದು ಜೋಡಿ ಊರಲ್ಲಿ ಮಾಡಿ ತೋರಿಸಲಿ. ಜತ್ತದಲ್ಲಾಗಲಿ, ಮಂಜೇಶ್ವರದಲ್ಲಾಗಲಿ, ಮಡಕಶಿರಾದಲ್ಲಾಗಲಿ, ಎಲ್ಲಾದರೂ ಸರಿ.

ಭಾಷೆಯ ಗಡಿ, ಆಡಳಿತದ ಗಡಿ ಬಗ್ಗೆ ನಮ್ಮ ಹಿರಿಯರು ಬಹಳ ಮಾತಾಡಿದ್ದಾರೆ, ಬಹಳ ನೊಂದಿದ್ದಾರೆ. ಆ ಗೆರೆ ಅಳಿಸಿರಿ ಎಂದು ನಾನು ಇಲ್ಲಿ ಕೇಳುತ್ತಿಲ್ಲ. ತಂತಿಯನ್ನು ದೂರ ಅಳೆದು ಎಳೆಯಿರಿ, ಗೆರೆ ಅಳೆದು ಎಳೆಯಬೇಡಿ ಎಂದಷ್ಟೇ ಕೇಳುತ್ತಿದ್ದೇನೆ.

ಆ ಹಿರಿಯ ರೈತರು ಮರುದಿನ ಬೆಳಗಿನ ಬಸ್ಸಿಗೆ ಹೊರಟಾಗ ಪಟ್ಟಿಯನ್ನು ಮಡಚಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡು, "ಇರ್ಲಿ ಬಿಡ್ರಿ ಸಾಹುಕಾರ್ರ, ನಿಮ್ಮದೇನು ತಪ್ಪು, ನೆಟ್ ಇರ್ಲಿಲ್ಲ," ಅಂದರು. ಆ ಮಾತಿಗೆ ನಾನು ಏನೂ ಅನ್ನಲಿಲ್ಲ. ಅವರು ಈ ವರ್ಷ ಮತ್ತೆ ತೊಗರಿ ತರುತ್ತಾರೆ. ಆಗ ಕೂತು ಎಲ್ಲಾ ಬಿಡಿಸಿ ಹೇಳಬೇಕು.